ಹದಿನಾಲ್ಕನೇ ನೀಲಿ

ಕುರ್ಚಿಗೆ ಹೊದಿಸುವ ಬಟ್ಟೆ ನಮ್ಮದು.
ಉಡುವುದಲ್ಲ, ತೊಡುವುದಲ್ಲ,
ಊರಿನ ಬೆನ್ನು ಒರಗುವ ಬಟ್ಟೆ.
ಫ್ಯೋರ್ಡಿನ ಅಂಚಿಗೆ ಗಿರಣಿ; ಹನ್ನೆರಡು ಮಗ್ಗ,
ಅದರಲ್ಲಿ ಮೂರು ಕುಂಟು.
ಕೆಳಗೆ ಬಣ್ಣದ ಮನೆಯಲ್ಲಿ ನಾನು, ಆಸ್ಲಾಕ್.
ಮೇಲೆ ಕಿಟಕಿಯ ಕೋಣೆಯಲ್ಲಿ ಗುನ್ವೋರ್,
ಮಡಿಲಲ್ಲಿ ಉಣ್ಣೆಯ ಲಡಿ, ಬಾಯಲ್ಲಿ ಗುಂಡುಸೂಜಿ,
ಹಾಗಾಗಿ ಅವಳ ಮಾತೆಲ್ಲ ಹಲ್ಲಿನ ಸಂದಿಯಿಂದ.

ಅವಳ ಬಣ್ಣಗಳಿಗೆ ಹೆಸರಿಲ್ಲ, ನಂಬರು.
‘ಹೆಸರಿಟ್ಟರೆ ಜನ ಹೆಸರನ್ನೇ ಕೊಳ್ಳುತ್ತಾರೆ.’
ಏಳು ಎಂದರೆ ದೋಣಿಮನೆಯ ಚಿಲಕದ ತುಕ್ಕು.
ಒಂಬತ್ತು, ಜೌಗಿನಲ್ಲಿ ಕಳಿತ ಮುಲ್ಟೆ ಹಣ್ಣು.
ಇಪ್ಪತ್ತೊಂದು, ಅವಳ ಅಜ್ಜಿ ಸತ್ತ ದಿನ
ಬೇಲಿಯ ಮೇಲೆ ಒಣಗುತ್ತಲೇ ಇದ್ದ ಕಾಲುಚೀಲ.
ಹಾಸಿಗೊಂದು, ಹೊಕ್ಕಿಗೊಂದು;
ಲಾಳಿ ಓಡಿ ಓಡಿ ಸುಸ್ತಾದ ಮೇಲೆ
ಎರಡೂ ಅಲ್ಲದ ಮೂರನೆಯದೊಂದು
ಬಟ್ಟೆಯಿಂದ ಎರಡು ಬೆರಳು ಎತ್ತರಕ್ಕೆ
ತೇಲುತ್ತಿರುತ್ತಿತ್ತು.

ಅರವತ್ತೆಂಟು ತುಂಬಿದ ವರ್ಷ
ಅವಳಿಗೆ ನೀಲಿ ಸಾಲದಾಯಿತು.
‘ಇನ್ನೊಂದು ಚಮಚ, ಆಸ್ಲಾಕ್.’
ಹಾಕಿದೆ.
‘ಬರೀ ಬೂದಿ. ಇನ್ನೊಂದು.’
ಹಾಕಿದೆ.
ಹಂಡೆಯಿಂದ ಎತ್ತಿದರೆ ಉಣ್ಣೆ ಕೂಗುತ್ತಿತ್ತು.
ಚಿಕ್ಕವನಿದ್ದಾಗ ಬರ್ಗನ್ನಿನಲ್ಲಿ
ಗಾಜಿನ ಪೆಟ್ಟಿಗೆಯೊಳಗೊಂದು ಸತ್ತ ನವಿಲು ಕಂಡಿದ್ದೆ,
ಅದರ ಕೊರಳು ಈಗ ನನ್ನ ಕೋಲಿನ ತುದಿಗೆ
ಜೀವ ಬಂದು ಹಬೆಯಾಡುತ್ತಿತ್ತು.
ಗುನ್ವೋರ್ ಬೆಳಕಿಗೆ ಹಿಡಿದಳು, ತಲೆಯಾಡಿಸಿದಳು:
‘ಸರಿ. ಗಾಳಿಯಿಲ್ಲದ ಮುಸ್ಸಂಜೆಯ ನೀರು.’
ಅದೇ ಹದಿನಾಲ್ಕು.

ನನಗೆ ಗೊತ್ತಿತ್ತು.
ಮೂರು ಸಲ ತೊಳೆದ ಬಿಳಿ ಉಣ್ಣೆ ಹಿಡಿದು
‘ಹಳದಿ ಯಾಕೆ ಹತ್ತಿದೆ?’ ಅಂತ ಒಮ್ಮೆ ಗದರಿದ್ದಳಲ್ಲ,
ಆವತ್ತೇ ಗೊತ್ತಾಗಿತ್ತು. ಹೇಳಲಿಲ್ಲ.
ಕರುಣೆಯಿಂದ ಅನ್ನಬಹುದು. ಸುಳ್ಳು.
ಮೂವತ್ತು ವರ್ಷ ಕಲ್ಲು, ಪಾಚಿ, ಮಂಜು ಬೇಯಿಸಿದವನಿಗೆ
ಆ ನೀಲಿ ಬೇಕಾಗಿತ್ತು.

ಫೆರ್ರಿ ಕಂಪನಿಯವರು ಸಾವಿರದಿನ್ನೂರು ಮೀಟರು ಕೊಂಡರು.
ಪತ್ರಿಕೆಯವರು ‘ಎಂಥಾ ಧೈರ್ಯ’ ಎಂದು ಬರೆದರು.
ಓದಿ ಅವಳು ಕೇಳಿದಳು,
‘ಬೂದಿಗೆ ಎಂಥದ್ದು ಧೈರ್ಯ?’

ಫೆಬ್ರವರಿಯಲ್ಲಿ ಬಲಗಣ್ಣಿನ ಪೊರೆ ತೆಗೆದರು.
ಆಸ್ಪತ್ರೆಯಿಂದ ಕರೆತರಲು ಹೋದವನು ನಾನು,
ದಾರಿ ಅದೇ ಫೆರ್ರಿಯದು.
ಹೊರಗೆ ಮಧ್ಯಾಹ್ನ ಮೂರಕ್ಕೇ ಬೆಟ್ಟ, ನೀರು, ಆಕಾಶ
ಒಂದೇ ಸೀಸ.
ಒಳಗೆ ಕಾಲಿಟ್ಟವಳು ನಿಂತೇಬಿಟ್ಟಳು.
ಹಿಂದಿನವರು ಬಂದು ಬೆನ್ನಿಗೆ ಡಿಕ್ಕಿ ಹೊಡೆದರು.

ಸಾಲು ಸಾಲಾಗಿ ಅದು ಕೂತಿತ್ತು.
ಅದರ ಮೇಲೆ ಒದ್ದೆ ಕೋಟಿನ ಮೀನುಗಾರ, ಬಾಯಿ ತೆರೆದು ನಿದ್ದೆ.
ಅದರ ಮೇಲೆ ಒಬ್ಬಳು ಹುಡುಗಿ ಬೆರಳಲ್ಲಿ
ತನ್ನ ಹೆಸರು ಬರೆದು, ಸವರಿ ಅಳಿಸಿ, ಮತ್ತೆ ಬರೆಯುತ್ತಿದ್ದಳು.

‘ಯಾರು ಮಾಡಿದ್ದು ಇದನ್ನ?’
‘ನೀವೇ.’
‘ಗೊತ್ತಿತ್ತಾ ನಿನಗೆ?’
ಉಗುರು ನೋಡಿಕೊಂಡೆ. ಸಂದಿಯಲ್ಲಿ ಹದಿನಾಲ್ಕು.

ಕೂತಳು. ಎರಡು ಹಳ್ಳಿ ದಾಟುವವರೆಗೆ ಮಾತಿಲ್ಲ.
ಹೊಲಿಗೆಯ ಅಂಚು ಚಿವುಟಿ ನೋಡಿ
‘ಇದು ಮಾತ್ರ ಸೊಟ್ಟ’ ಅಂದಳು ಕೊನೆಗೆ.
ಆಮೇಲೆ, ಕಾಫಿಯ ಲೋಟಕ್ಕೆ ಹೇಳುವಂತೆ:
‘ಇಷ್ಟು ದಿನ ಆ ಪೊರೆಯೇ
ನನ್ನನ್ನು ಪೊರೆಯಿತು ಅನ್ನು.’

ಎಡಗಣ್ಣಿನ ಸರದಿ ಏಪ್ರಿಲಿಗಿತ್ತು.
ಏಪ್ರಿಲ್ ಹೋಯಿತು, ಚೀಟಿ ಲಡಿಗಳಡಿ ಹೂತಿದೆ.
ಈಗ ಹೊಸ ಬಟ್ಟೆಗೆ ಕೂತಾಗ
ಅಂಗೈಯಿಂದ ಒಂದು ಕಣ್ಣು ಮುಚ್ಚಿ ನೋಡುತ್ತಾಳೆ,
ಕೈ ಬದಲಿಸಿ ಇನ್ನೊಂದು.
ಮೆಟ್ಟಿಲ ಕೆಳಗೆ ನಾನು
ಚಮಚ ಹಿಡಿದು ಕಾಯುತ್ತೇನೆ,
ಇವತ್ತು ಯಾವ ಕಣ್ಣು ಕೂಗುತ್ತದೋ ಅಂತ.